ಅದೇ ಬೀದಿ, ಅದೇ ತಮಟೆ

ಶಿಷ್ಯ ಕೇಳಿದ: "ಗುರುಗಳೇ, ವರ್ಷಗಟ್ಟಲೆ ತಡವಾಗಿ ಹೊರಬಿದ್ದ ಸತ್ಯದಿಂದ ಯಾರಿಗೆ ಏನು ಪ್ರಯೋಜನ? ನೊಂದವನು ನೊಂದದ್ದಾಯಿತು. ತಪ್ಪು ಮಾಡಿದವನು ಸತ್ತದ್ದಾಯಿತು. ಆಮೇಲೆ ಅದನ್ನು ಊರಿಗೆಲ್ಲ ಸಾರುವುದೇಕೆ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ದೊಡ್ಡ ಕೆರೆಯಿತ್ತು. ಕೆರೆಗೊಬ್ಬ ನೀರುಗಂಟಿಯಿದ್ದ. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವುದು, ಏರಿ ಕಾಯುವುದು ಅವನ ಕೆಲಸ. ಒಂದು ಮಳೆಗಾಲದಲ್ಲಿ ಏರಿ ಒಡೆಯಿತು. ಬೆಳೆ ಹೋಯಿತು. ಕೆಳಗಿನ ಕೇರಿಯ ಮನೆಗಳು ಹೋದವು. ಮರುದಿನವೇ ಮಂತ್ರಿ ಬೀದಿ ಬೀದಿಯಲ್ಲೂ ತಮಟೆ ಹೊಡೆಸಿ ಸಾರಿಸಿದ: "ನೀರುಗಂಟಿ ನಿದ್ದೆ ಮಾಡಿದ, ಕೆರೆ ಒಡೆಯಿತು."

ನೀರುಗಂಟಿ ಅರಮನೆಗೆ ಹೋದ. ತಾನು ಮಲಗಿರಲಿಲ್ಲ, ಗುದ್ದಲಿ ಹಿಡಿದು ಏರಿಯ ಮೇಲೆಯೇ ನಿಂತಿದ್ದೆ ಎಂದ. ರಾಜ ವಿಚಾರಣೆಗೆ ಹಿರಿಯರ ಮಂಡಳಿಯೊಂದನ್ನು ನೇಮಿಸಿದ. ಏರಿಯನ್ನು ಮತ್ತೆ ಕಟ್ಟಿದ್ದಾಯಿತು, ಕೆರೆ ತುಂಬಿತು. ಹಿರಿಯರು, ಕೆರೆ ಬತ್ತಲಿ, ನೋಡೋಣ ಎಂದರು. ಬತ್ತಿದಾಗ, ತುಂಬಲಿ, ನೋಡೋಣ ಎಂದರು. ಒಬ್ಬರು ಯಾತ್ರೆಗೆ ಹೊರಟರು. ಅವರು ಬರುವವರೆಗೆ ಉಳಿದವರು ಕಾದರು. ಮಂತ್ರಿಗೂ ಅವಸರವಿರಲಿಲ್ಲ.

ಅಷ್ಟರಲ್ಲಿ ನೀರುಗಂಟಿಯ ಕೆಲಸ ಹೋಗಿತ್ತು. ಅವನ ಮನೆಗೆ 'ಕೆರೆ ಒಡೆದವರ ಮನೆ' ಎಂದು ಹೆಸರು ಬಿದ್ದಿತ್ತು. ಕೆರೆ ತುಂಬಿದ ವರ್ಷ ಊರಿನ ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡಲು ಹೋಗುವಾಗ ಅವನ ಹೆಂಡತಿಯನ್ನು ಯಾರೂ ಕರೆಯುತ್ತಿರಲಿಲ್ಲ. ಅವಳಿಗೆ ಆ ಹೆಸರು ಅಳಿಯಬೇಕಿತ್ತು. ಬಿಡದೆ ಅರಮನೆಗೆ ಹೋಗಿ, ವಿಚಾರಣೆ ಏನಾಯಿತೆಂದು ಕೇಳಿ ಬರುತ್ತಿದ್ದಳು. ಅವಳನ್ನು ಕಂಡರೆ ಬಾಗಿಲು ಕಾಯುವವರಿಗೆ ಬೇಸರ ಬಂತು. ಅವಳಿಗೆ ಬರಲಿಲ್ಲ.

ರಾಜ ಹೋದ. ಮಂತ್ರಿ ಹೋದ. ನೀರುಗಂಟಿ ಮುದುಕನಾದ, ಕಿವಿ ಪೂರ್ತಿ ಕಿವುಡಾಯಿತು. ಕೊನೆಗೊಂದು ದಿನ ಹಿರಿಯರ ವರದಿ ಹೊಸ ರಾಜನ ಕೈಸೇರಿತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯನ್ನು ಮಂತ್ರಿಯೇ ತನ್ನ ತೆಂಗಿನ ತೋಟಕ್ಕಾಗಿ ಕಿರಿದು ಮಾಡಿಸಿದ್ದ. ಏರಿ ಒಡೆದದ್ದು ಅದರಿಂದ. ನೀರುಗಂಟಿಯ ತಪ್ಪು ಏನೂ ಇರಲಿಲ್ಲ.

ರಾಜ ಆ ಹೆಂಗಸನ್ನು ಕರೆಸಿದ. "ತಾಯಿ, ನನಗೆ ಸತ್ಯ ತಿಳಿಯಿತು. ನಿನ್ನ ಗಂಡನಿಗೆ ಶಾಲು ಹೊದಿಸುತ್ತೇನೆ. ಸತ್ತವರ ಮಾತು ಬೀದಿಗೆ ಬರುವುದು ಬೇಡ. ಇದು ಇಲ್ಲಿಗೇ ಮುಗಿಯಲಿ."

"ನನ್ನ ಗಂಡ ಕೆರೆ ಒಡೆದನೆಂದು ಶಾಲು ಹೊದಿಸಿ ಹೇಳಿದಿರಾ, ಸ್ವಾಮಿ? ತಮಟೆ ಹೊಡೆಸಿ ಹೇಳಿದಿರಿ. ಇದನ್ನೂ ಹಾಗೆಯೇ ಹೇಳಿಸಿ. ಅದೇ ಬೀದಿ, ಅದೇ ತಮಟೆ. ಶಾಲು ನಿಮ್ಮ ಹಿರಿಯರಿಗಿರಲಿ. ಪಾಪ, ವಿಚಾರಿಸಿ ವಿಚಾರಿಸಿ ದಣಿದಿದ್ದಾರೆ."

ರಾಜ ನಕ್ಕುಬಿಟ್ಟ. ಒಪ್ಪಿದ.

ಅಂದು ಸಾರಿದ್ದ ತಮಟೆಯವನೇ ಇಂದೂ ಬಂದ. ಅವನೂ ಮುದುಕನಾಗಿದ್ದ. ಅವಳು ಅವನ ಬೆನ್ನಿಗೇ ನಡೆದಳು.

"ಅಂದು ನಿನ್ನ ದನಿ ಇಷ್ಟು ಸಣ್ಣಗಿರಲಿಲ್ಲವಲ್ಲ, ಅಣ್ಣ?"

"ಅಂದು ಬಾಯಲ್ಲಿ ಹಲ್ಲಿದ್ದವು, ಅಕ್ಕ."

ಬಾಗಿಲಲ್ಲಿ ನಿಂತಿದ್ದವರು ನಕ್ಕರು. ನಕ್ಕವರು ಬೀದಿಗಿಳಿದರು. ಅವನ ದನಿ ನಿಂತಲ್ಲಿ ತಾವೇ ಕೂಗಿದರು: "ನೀರುಗಂಟಿ ಮಲಗಿರಲಿಲ್ಲ! ಕೋಡಿ ಕಿರಿದು ಮಾಡಿಸಿದವನು ಮಂತ್ರಿ!" ಒಂದು ಬೀದಿಯ ಜನ ಇನ್ನೊಂದು ಬೀದಿಗೆ ಓಡಿದರು.

ನೀರುಗಂಟಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ. ಅವನಿಗೆ ತಮಟೆ ಕೇಳಿಸಲಿಲ್ಲ, ಓಡುವ ಜನ ಕಂಡರು. ಊರು ಹಾಗೆ ಓಡಿದ್ದನ್ನು ಅವನು ಹಿಂದೆ ಒಂದೇ ಒಂದು ಸಲ ಕಂಡಿದ್ದ. ಏರಿ ಒಡೆಯಿತೆಂದುಕೊಂಡ. ಮೊರ ಪಕ್ಕಕ್ಕೆ ತಳ್ಳಿದ, ಮೂಲೆಯ ಗುದ್ದಲಿ ಎತ್ತಿಕೊಂಡ, ಕೆರೆಯ ಕಡೆಗೆ ಓಡಿದ. ಅವನ ಹಿಂದೆ ಹೆಂಡತಿ, ಅವಳ ಹಿಂದೆ ತಮಟೆಯವನು, ತಮಟೆಯವನ ಹಿಂದೆ ಊರು.

ಏರಿ ಹಾಗೆಯೇ ಇತ್ತು. ಅವನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಬಂದು, ಸೊಂಟದ ಮೇಲೆ ಕೈಯಿಟ್ಟು ಗದರಿದ: "ಏರಿ ಬಂಡೆಯ ಹಾಗಿದೆ! ಸುಮ್ಮನೆ ಓಡುತ್ತೀರಲ್ಲ, ನಿಮಗೇನು ಮನೆಯಲ್ಲಿ ಕೆಲಸವಿಲ್ಲವೇ?"

ಜನರಿಗೆ ನಗು ತಡೆಯಲಾಗಲಿಲ್ಲ. ಕೆಲವರ ಕಣ್ಣು ಒದ್ದೆಯಾಯಿತು. ಆ ವರ್ಷ ಕೆರೆ ತುಂಬಿತ್ತು. ಹೆಂಗಸರು ಮನೆಗೋಡಿ ಬಾಗಿನದ ಮೊರ ಸಿದ್ಧಮಾಡಿ ತಂದರು, ಮೊದಲು ಅವನ ಹೆಂಡತಿಯ ಕೈಗೇ ಕೊಟ್ಟರು. ಅವಳು ತಲೆಯೆತ್ತಿ ನಡೆದು ಹೋಗಿ ನೀರಿಗೆ ಬಿಟ್ಟಳು. ಗಂಡಸರು ಮುದುಕನನ್ನು ಗುದ್ದಲಿಯ ಸಮೇತ ಹೆಗಲ ಮೇಲೆ ಹೊತ್ತು ತಂದರು. ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ವರದಿ ಕೂಗಿದರು. ದಾರಿಯುದ್ದಕ್ಕೂ ಅವನು ಇಳಿಸಿರೆಂದು ಬೈಯುತ್ತಿದ್ದ. ಆ ಮನೆಯನ್ನು ಊರು ಮತ್ತೆ 'ನೀರುಗಂಟಿಯ ಮನೆ' ಎಂದು ಕರೆಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನೂ ನಗುತ್ತಿದ್ದ. ಆದರೂ ಕೇಳಿದ: "ಗುರುಗಳೇ, ಊರಿಗೆಲ್ಲ ಕೇಳಿಸಿತು, ಸರಿ. ಆ ಮುದುಕನಿಗೆ ಮಾತ್ರ ಕೇಳಿಸಲೇ ಇಲ್ಲವಲ್ಲ?"

ಗುರುಗಳು ಹೇಳಿದರು: "ಅವನಿಗೆ ಅದು ಮೊದಲೇ ಗೊತ್ತಿತ್ತಲ್ಲಪ್ಪ."