ಗುಳಿಗೆಗೆ ಮುಂಚಿನ ದೋಸೆ

ಸಿದ್ಧಗಂಗಮ್ಮ ಸಾರಿಗೆ ಉಪ್ಪು ಹಾಕಲು ಮರೆತದ್ದೇ ನೆಪವಾಯಿತು. ಪಾಲಾಕ್ಷಪ್ಪ ಪೇಟೆಯಿಂದ ಗುಳಿಗೆ ಡಬ್ಬಿ ತಂದು ಹೆಂಡತಿಯ ಮುಂದೆ ಕುಕ್ಕಿದ.

"ಐವತ್ತರ ಹೆಂಗಸರ ಸುಸ್ತಿಗೆ, ಮರೆವಿಗೆ ಇದೇ ಮದ್ದು. ನಾಳೆಯಿಂದ ತಪ್ಪದೆ ತಗೋ!"

"ಹೇಗೆ ತಗೋಬೇಕಂತೆ?" ಸಿದ್ಧಗಂಗಮ್ಮ ಕುತೂಹಲದಿಂದ ಕೇಳಿದಳು.

ಅವನು ಡಬ್ಬಿ ತಿರುಗಿಸಿ ಗತ್ತಿನಿಂದ ಓದಿದ: "ಬೆಳಿಗ್ಗೆ, ಹೊಟ್ಟೆ ತುಂಬ ತಿಂಡಿ ತಿಂದ ಮೇಲೆ."

"ಹಾಗೇ ಆಗಲಿ."

ಎಲ್ಲರದೂ ಆದಮೇಲೆ ಉಳಿದದ್ದನ್ನು ತಿನ್ನುತ್ತಿದ್ದವಳು ಮರುದಿನದಿಂದ ಮೊದಲ ಬಿಸಿ ದೋಸೆ ತಾನೇ ತಿಂದಳು. ಯಜಮಾನರು ಖಾಲಿ ತಟ್ಟೆಯ ಮುಂದೆ ಕಾದರು. ಮದ್ದಿನ ವಿಷಯ, ಏನೂ ಅನ್ನುವಂತಿಲ್ಲ.

ತಿಂಗಳಲ್ಲಿ ಅವಳ ಮುಖ ಗೆಲುವಾಯಿತು. ಗಂಡ ಎಲ್ಲೋ ಇಟ್ಟು ಮರೆತ ಕನ್ನಡಕವನ್ನೂ ಅವಳೇ ಹುಡುಕಿಕೊಟ್ಟಳು.

ಪಕ್ಕದ ಮನೆಯ ಶೆಟ್ಟರಿಗೆ ಆಶ್ಚರ್ಯ. "ಯಾವ ಮದ್ದಪ್ಪಾ ಅದು? ನಮ್ಮವಳಿಗೂ ಬೇಕು."

ಪಾಲಾಕ್ಷಪ್ಪ ಮೀಸೆ ತಿರುವುತ್ತಾ ಡಬ್ಬಿ ತರಿಸಿದ. ನೋಡಿದರೆ, ಸೀಲೇ ಒಡೆದಿಲ್ಲ!

"ಏನೇ ಇದು?"

"ತಿಂಡಿ ತಿಂದ ಮೇಲೆ ಅಂದಿರಲ್ಲ. ತಿಂದ ಮೇಲೆ ಗುಳಿಗೆ ಬೇಕು ಅನ್ನಿಸಲೇ ಇಲ್ಲ ಕಣ್ರೀ," ಎಂದ ಸಿದ್ಧಗಂಗಮ್ಮ ಶೆಟ್ಟರತ್ತ ತಿರುಗಿದಳು. "ಡಬ್ಬಿ ನೀವೇ ತಗೊಂಡು ಹೋಗಿ ಶೆಟ್ಟರೇ. ನಾಳೆ ಮೊದಲ ದೋಸೆ ಯಾರಿಗೆ ಅನ್ನೋದನ್ನ ಮಾತ್ರ ಮರೀಬೇಡಿ."