ಘಟ್ಟದ ಬುಡದ ಕಟ್ಟೆ

"ಗುರುಗಳೇ, ಕಣ್ಣಿಲ್ಲದವನೊಬ್ಬ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಇಲ್ಲೇ ಇದ್ದು ಕಲಿಯುತ್ತೇನೆ ಎನ್ನುತ್ತಾನೆ. ಅಂಥವನಿಗೆ ಮಠದ ಮೆಟ್ಟಿಲು ಹತ್ತುವುದಕ್ಕಾಗುತ್ತದೆಯೇ? ಬಾವಿಯ ಕಡೆ ಒಬ್ಬನೇ ಹೋದರೆ ಗತಿ ಏನು?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಘಟ್ಟದ ಬುಡದಲ್ಲಿ ಒಂದು ಕಟ್ಟೆ. ಉಪ್ಪು ಹೇರಿದ ಎತ್ತುಗಳ ಜೊತೆ ವರ್ತಕರು ಅಲ್ಲಿಂದ ಹೊರಡುತ್ತಿದ್ದರು. ಹುಲಿಯ ಭಯಕ್ಕೆ ಯಾರೂ ಒಂಟಿಯಾಗಿ ಘಟ್ಟ ಹತ್ತುತ್ತಿರಲಿಲ್ಲ. ಜೊತೆ ಕೇಳಿದವರನ್ನು ಸೇರಿಸಿಕೊಳ್ಳುವುದು ಆ ದಾರಿಯ ರೂಢಿ.

ಮಳೆಗಾಲಕ್ಕೆ ಮುಂಚಿನ ಕೊನೆಯ ತಂಡ ಹೊರಟು ನಿಂತಿತ್ತು. ಕಣ್ಣಿಲ್ಲದ ಮುದುಕನೊಬ್ಬ ಕಟ್ಟೆಯ ಮೇಲೆ ಕಾದು ಕುಳಿತಿದ್ದ. ಘಟ್ಟದ ಮೇಲಿನ ಊರಿನಲ್ಲಿ ಅವನ ಮಗಳು ಹೆತ್ತಿದ್ದಳು. ಈ ತಂಡ ತಪ್ಪಿದರೆ ಮಳೆಗಾಲ ಕಳೆಯುವ ತನಕ ಮೊಮ್ಮಗುವನ್ನು ಎತ್ತಿಕೊಳ್ಳುವಂತಿರಲಿಲ್ಲ. ಪಕ್ಕದಲ್ಲಿ ವೀಳ್ಯದೆಲೆ ಮಾರುವವನೊಬ್ಬ ಬುಟ್ಟಿ ಇಳಿಸಿ ಕುಳಿತಿದ್ದ.

"ನಾನೂ ಬರುತ್ತೇನೆ, ಯಜಮಾನರೇ" ಎಂದ ಮುದುಕ.

ತಂಡದ ಯಜಮಾನನಾದ ವರ್ತಕ ಎಲೆಯವನ ಕಡೆ ತಿರುಗಿದ. "ಇವರು ಘಟ್ಟ ಹತ್ತುತ್ತಾರೇನಪ್ಪಾ?"

"ಕಷ್ಟ ಆಗಬಹುದೇನೋ" ಎಂದ ಎಲೆಯವನು. ದೊಡ್ಡವರು ಕೇಳಿದಾಗ ಏನಾದರೊಂದು ಹೇಳುವುದು ಮರ್ಯಾದೆ ಎಂದುಕೊಂಡಿದ್ದ.

"ಊಟ? ಕೈಯಾರೆ ಮಾಡುತ್ತಾರೋ, ತಿನ್ನಿಸಬೇಕೋ?"

"ತಿನ್ನಿಸಿದರೆ ಒಳ್ಳೆಯದು."

"ಕತ್ತಲಾದರೆ ಹೆದರುತ್ತಾರಾ?"

"ಹೆದರಿದರೂ ಹೆದರಬಹುದು."

ವರ್ತಕನಿಗೆ ಮರುಕವಾಯಿತು. ಮುದುಕನ ಕಿವಿಯ ಹತ್ತಿರ ಬಾಗಿ, "ತಾತಾ, ನಿಮ್ಮಿಂದ ಆಗುವುದಿಲ್ಲ. ನಿಮ್ಮವರೇ ಹೇಳುತ್ತಿದ್ದಾರೆ" ಎಂದು ಕೂಗಿದ.

"ಮೆಲ್ಲಗೆ ಹೇಳಿ, ಕಿವಿ ನೆಟ್ಟಗಿದೆ. ನನ್ನ ಹೆಸರೇನು ಅಂತ ಆ ನಮ್ಮವರನ್ನೊಮ್ಮೆ ಕೇಳಿ ನೋಡಿ."

ವರ್ತಕ ಕೇಳಿದ. ಎಲೆಯವನು ತಲೆ ಕೆರೆದುಕೊಂಡ. "ನನಗೇನು ಗೊತ್ತು ಸ್ವಾಮಿ? ಬಿಸಿಲು ಅಂತ ಈಗತಾನೆ ಇಲ್ಲಿ ಕೂತೆ."

"ನಾನು ಮೇಲಿನ ಊರಿನವನೇ. ಇಳಿದು ಬಂದದ್ದೂ ಇದೇ ಕಾಲಿನಲ್ಲಿ" ಎಂದ ಮುದುಕ. "ಹುಲಿ ಮಾತ್ರ ನನಗೂ ಹುಲಿಯೇ. ಅದಕ್ಕೆ ಜೊತೆ ಕೇಳಿದೆ."

ವರ್ತಕನಿಗೆ ನಾಚಿಕೆಯಾಯಿತು. ಆಮೇಲೆ ಮತ್ತೆ ಎಲೆಯವನ ಕಡೆಗೇ ತಿರುಗಿ, "ಹಾಗಾದರೆ ಅವರಿಗೆ ಬರಲಿಕ್ಕೆ ಹೇಳಪ್ಪಾ" ಎಂದ.

ಎಲೆಯವನು ಹೇಳುವ ತನಕ ಮುದುಕ ಕಾಯಲಿಲ್ಲ. ತನ್ನ ಬುತ್ತಿ ಹೆಗಲಿಗೆ ಹಾಕಿಕೊಂಡು, ಎತ್ತುಗಳ ಕೊರಳ ಗಂಟೆಯ ಸದ್ದು ಹಿಡಿದು ನಡೆದ.

ಕತೆ ಕೇಳಿ ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ವರ್ತಕನಪ್ಪ, ಕೊನೆಗೂ ಬುದ್ಧಿ ಬರಲಿಲ್ಲವಲ್ಲ" ಎಂದ. ನಗು ನಿಂತ ಮೇಲೆ, "ಅದಿರಲಿ ಗುರುಗಳೇ, ಆ ಮೆಟ್ಟಿಲಿನ ವಿಷಯ ನೀವೇನು ಹೇಳುತ್ತೀರಿ?" ಎಂದು ಕೇಳಿದ.

ಗುರು ಬಾಗಿಲ ಕಡೆ ನೋಡಿ ಹೇಳಿದರು: "ಅಲ್ಲಿ ನಿಂತಿದ್ದಾನಲ್ಲ, ಅವನ ಹೆಸರೇನು?"