ಪೊರೆಯ ಹಿಂದಿನ ಒಡೆಯ

ಕೇಳಿ ಮಕ್ಕಳೇ, ಹೆಗ್ಗಣ ಡೊಳ್ಳಪ್ಪನ ಬಿಲಕ್ಕೆ ಮೂರು ಬಾಯಿ. ಕೆರೆದಂಡೆಯಲ್ಲೊಂದು, ಹೊಂಗೆಮರದ ಬುಡದಲ್ಲೊಂದು, ಪೊದೆಯೊಳಗೊಂದು. ಒಳಗೆ ಮೂರೂ ಒಂದೇ. ಆದರೆ ಆ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ.

ಒಂದೊಂದು ಬಾಯಿಗೂ ಒಂದೊಂದು ಹಾವಿನ ಪೊರೆ ತೂಗುಹಾಕಿದ್ದ. ಗಾಳಿ ಬೀಸಿದರೆ ಸರಸರ ಸದ್ದು. ಒಳಗೆ ಇಣುಕುವ ಧೈರ್ಯ ಯಾರಿಗಿದ್ದೀತು ಹೇಳಿ!

ಅಳಿಲು ಚೆಲುವಕ್ಕ ಮಳೆಗಾಲಕ್ಕೆಂದು ಮರಿಗಳಿಗೆ ಕೂಡಿಟ್ಟ ಕಡಲೆಕಾಯಿಯನ್ನು ಕದ್ದು ದಂಡೆಯ ಬಾಯಿಂದ ಒಳಗೆ ಸಾಗಿಸುತ್ತಿದ್ದ. ಸಿಪ್ಪೆ ಸುಲಿದು, ಮಣ್ಣು ಒರೆಸಿ, ಪೊದೆಯ ಬಾಯಲ್ಲಿ "ದೂರದ ಕಾಡಿನ ಬೀಜ" ಎಂದು ಪೊರೆಯ ಹಿಂದಿನಿಂದ ಮಾರುತ್ತಿದ್ದ. ಪಾಪ, ಚೆಲುವಕ್ಕ ಮಾವಿನಹಣ್ಣು ಕೊಟ್ಟು ತನ್ನದೇ ಬೀಜ ಕೊಳ್ಳುತ್ತಿದ್ದಳು. ಥೂ, ಅದೂ ಒಂದು ಬಾಳೇ?

ಒಂದು ಸಂಜೆ ಕೊಂಡ ಬೀಜದ ಮೇಲೆ, ಸಿಪ್ಪೆ ದಾಟಿ ಇಳಿದ ತನ್ನ ಮರಿಯ ಹಲ್ಲಿನ ಗುರುತೇ ಕಂಡಿತು. ಅವಳು ಮುಳ್ಳುಹಂದಿ ಯಜಮಾನರನ್ನು ಪೊದೆಯ ಬಾಯಿಗೆ ಕರೆದುಕೊಂಡು ಬಂದಳು.

"ಡೊಳ್ಳಪ್ಪಾ, ಈ ಬಿಲ ಯಾರದಪ್ಪ?" ಎಂದರು ಯಜಮಾನರು.

"ನನ್ನದಲ್ಲ ಯಜಮಾನ್ರೇ, ನಾಗಪ್ಪನದು. ನಾನು ಬಾಡಿಗೆಗಿದ್ದೀನಿ ಅಷ್ಟೆ. ಬೇಕಾದ್ರೆ ಅವರನ್ನೇ ಕೇಳಿ."

ಒಳಗೆ ನುಸುಳಿ, ಪೊರೆಯ ಹಿಂದೆ ಕೂತು, ದನಿ ಬದಲಿಸಿದ. "ಹೌದು, ನನ್ನದೇ."

ಇಬ್ಬರೂ ಹೆದರಿ ಹಿಂದೆ ಸರಿದರು. ಡೊಳ್ಳಪ್ಪ ಒಳಗೊಳಗೇ ನಗುತ್ತಿದ್ದ. ಆಗ ಬಿಲದ ಆಚೆ ಬಾಯಿಂದ ಯಾರೋ ಮೆಲ್ಲಗೆ ಅಂದರು:

"ಹೌದು, ನನ್ನದೇ."

ತಿರುಗಿ ನೋಡಿದ. ಗಾಳಿಯಿರಲಿಲ್ಲ, ಆದರೂ ಆ ಬಾಯಿಯ ಪೊರೆ ಅಲುಗುತ್ತಿತ್ತು. ಅದರ ಪಕ್ಕದಲ್ಲಿ ಎರಡು ಕಣ್ಣುಗಳಿದ್ದವು. ಡೊಳ್ಳಪ್ಪ ಎದ್ದೆನೋ ಬಿದ್ದೆನೋ ಎಂದು ಹೊರಗೋಡಿದ.

"ಯಜಮಾನ್ರೇ, ಒಳಗೆ ಹಾವು ಸೇರಿಕೊಂಡಿದೆ. ಓಡಿಸಿಕೊಡಿ."

"ಅವನ ಮನೆಯಿಂದ ಅವನನ್ನೇ ಓಡಿಸೋದು ಹೇಗಪ್ಪ? ಬಿಲ ನಿನ್ನದು ಅಂತ ಒಪ್ಪಿಕೋ, ಮುಳ್ಳು ನಿಮಿರಿಸಿಕೊಂಡು ಈಗಲೇ ಬರ್ತೀನಿ. ಆದರೆ ಒಳಗಿರೋ ಬೀಜಕ್ಕೂ ನೀನೇ ಉತ್ತರ ಹೇಳಬೇಕು."

ಚೆಲುವಕ್ಕ ಅವನನ್ನೇ ನೋಡುತ್ತಿದ್ದಳು. ಡೊಳ್ಳಪ್ಪನಿಗೆ ಒಳಗಿನ ಬೀಜದ ರಾಶಿ ನೆನಪಾಯಿತು. ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ನನ್ನದಲ್ಲ," ಎಂದ.

ಅವರು ಹೊರಟುಹೋದರು. ಆದಷ್ಟು ಬೀಜ ಹೊತ್ತು ತಂದುಬಿಡೋಣವೆಂದು ಡೊಳ್ಳಪ್ಪ ಸದ್ದಿಲ್ಲದೆ ಪೊದೆಯ ಬಾಯಿಂದ ಒಳಗಿಳಿದ. ಅವನ ಹಿಂದೆ ಪೊರೆ ಸರಸರ ಎಂದಿತು.

ಮರುದಿನ ಚೆಲುವಕ್ಕ ದೂರದಲ್ಲೇ ನಿಂತು ಕೂಗಿದಳು. "ಡೊಳ್ಳಪ್ಪ ಇದ್ದಾನಾ?"

ಮೂರೂ ಬಾಯಿಂದ ಒಂದೇ ದನಿ ಬಂತು.

"ಬಾಡಿಗೆಗೊಬ್ಬ ಇದ್ದ. ಈಗಿಲ್ಲ."

ನೀತಿ: ಕದ್ದ ಮಾಲು ಮುಚ್ಚಿಡಲು ತನ್ನ ಮನೆಗೆ ಬೇರೆಯವರ ಹೆಸರಿಟ್ಟವನಿಗೆ, ಆಪತ್ತಿನಲ್ಲಿ ಆ ಮನೆ ತನ್ನದೆನ್ನಲು ಬಾಯಿರುವುದಿಲ್ಲ.